ಫೆಂಗ್‌ಶುಯಿಯೋ, ವಾಸ್ತುವೋ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಮನೆ ಮತ್ತು ಹಿತ್ತಲಿಗೆ ಯಾವುದು ಹೊಂದುತ್ತದೆ?

ಮೂವತ್ತು–ನಲವತ್ತರ ಒಂದು ಸೈಟಿನ ಆಗ್ನೇಯ ಮೂಲೆಯನ್ನೇ ತೆಗೆದುಕೊಳ್ಳಿ. ವಾಸ್ತು ಅಲ್ಲಿ ಒಲೆ ಹೂಡಬೇಕು ಎನ್ನುತ್ತದೆ. ಜಾಗ ನೋಡುವ ಚೀನೀ ಪದ್ಧತಿಯಾದ ಫೆಂಗ್‌ಶುಯಿಯ ದಿಕ್ಸೂಚಿ ಪಂಥ (ದಿಕ್ಕಿನ ಲೆಕ್ಕ ನೋಡುವವರು) ಅದೇ ಮೂಲೆಯನ್ನು ಸಂಪತ್ತಿನ ಮೂಲೆಯೆಂದು ಕರೆದು, ಅಲ್ಲಿ ಹಸಿರು ಗಿಡ ಬೆಳೆಸಬೇಕು, ಸಾಧ್ಯವಾದರೆ ಹರಿಯುವ ನೀರಿನ ಪುಟ್ಟ ಕಾರಂಜಿಯನ್ನೂ ಇಡಬೇಕು ಎನ್ನುತ್ತದೆ. ಎರಡನ್ನೂ ನಂಬಿ ಮನೆ ಕಟ್ಟಲು ಹೊರಟವರು ಬೆಂಕಿ ಮತ್ತು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ನಮ್ಮ ಮನೆಯನ್ನು ಬಳ್ಳಾರಿಯಲ್ಲಿ ಕಟ್ಟಿಸುವಾಗ ನಾನು ಸಿಕ್ಕಿಕೊಂಡಿದ್ದೂ ಹೀಗೆಯೇ. ಆಮೇಲೆ ಕೊಪ್ಪಳದಲ್ಲಿರುವ ತಂಗಿಯ ಮನೆಗೂ ಸಿಂಧನೂರಿನ ಬಂಧುಗಳ ಮನೆಗೂ ನಕ್ಷೆ ಹಾಕಿಸುವಾಗ ಜೊತೆಯಲ್ಲಿ ಕುಳಿತು, ಒಂದೊಂದು ಸೂತ್ರವನ್ನೂ ನಮ್ಮ ಸೀಮೆಯ ಬಿಸಿಲು, ಗಾಳಿ, ನೀರು ಮತ್ತು ಮಣ್ಣಿಗೆ ಒಡ್ಡಿ ನೋಡುವುದನ್ನು ರೂಢಿ ಮಾಡಿಕೊಂಡೆ. ಮನೆ ಕಟ್ಟಿಸುವ ಯೋಚನೆಯಲ್ಲಿರುವವರಿಗೂ, ಕಟ್ಟಿದ ಮನೆಯನ್ನು ಕೊಂಚ ಬದಲಿಸಲು ಬಯಸುವವರಿಗೂ ಆ ಹೋಲಿಕೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸೂತ್ರಗಳು ಹುಟ್ಟಿದ ನೆಲ

‘ಫೆಂಗ್’ ಎಂದರೆ ಗಾಳಿ, ‘ಶುಯಿ’ ಎಂದರೆ ನೀರು. ಸಮಾಧಿಯ ಜಾಗವನ್ನು ಆರಿಸುವ ಬಗೆಗೆ ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ಚೀನೀ ಗ್ರಂಥವೊಂದು, ‘ಚಿ’ ಎಂಬ ಪ್ರಾಣಶಕ್ತಿಯು ಗಾಳಿಗೆ ಸಿಕ್ಕರೆ ಚೆದುರುತ್ತದೆ, ನೀರು ಅಡ್ಡವಾದಲ್ಲಿ ನಿಲ್ಲುತ್ತದೆ ಎಂದು ಹೇಳುತ್ತದೆ. ಗುವೊ ಪುವಿನ ಕಾಲ ಕ್ರಿ.ಶ. 276ರಿಂದ 324. ಗಾಳಿಯನ್ನು ತಡೆಯಬೇಕು, ನೀರನ್ನು ಹತ್ತಿರ ಕರೆಯಬೇಕು ಎಂಬ ಈ ಮಾತೇ ಮುಂದಿನ ಸೂತ್ರಗಳಿಗೆಲ್ಲ ಬುನಾದಿ. ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ದಕ್ಷಿಣಕ್ಕೆ ಮುಖ ಎಂಬುದು ಚೀನಾದ ಒಳ್ಳೆಯ ಮನೆಯ ಲಕ್ಷಣ. ಅಲ್ಲಿಯ ಉತ್ತರ ಭಾಗದಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರ ಮತ್ತು ವಾಯುವ್ಯದಿಂದ ಬರುತ್ತದೆ, ಬಿಸಿಲು ದಕ್ಷಿಣದಿಂದ ಬರುತ್ತದೆ. ಅಂಥ ನೆಲದಲ್ಲಿ ಉತ್ತರಕ್ಕೆ ಬೆನ್ನು ಮಾಡಿ ದಕ್ಷಿಣದ ಬಿಸಿಲಿಗೆ ಬಾಗಿಲು ತೆರೆಯುವುದು ವಿವೇಕದ ಕೆಲಸವೇ ಸರಿ.

ವಾಸ್ತು ನಮ್ಮ ದೇಶದ್ದು. ವರಾಹಮಿಹಿರನು ಆರನೆಯ ಶತಮಾನದಲ್ಲಿ ಬರೆದ ಬೃಹತ್ಸಂಹಿತೆಯಲ್ಲಿ ಮನೆ ಕಟ್ಟುವ ವಿಚಾರಕ್ಕೆ ಒಂದು ಅಧ್ಯಾಯವೇ ಇದೆ. ಅದು ನೆಲವನ್ನು 81 ಅಥವಾ 64 ಪದಗಳಾಗಿ, ಎಂದರೆ ಚೌಕಗಳಾಗಿ, ಭಾಗಿಸುತ್ತದೆ. ಫೆಂಗ್‌ಶುಯಿ ಒಂಬತ್ತು ಮನೆಗಳ ಚೌಕದಲ್ಲಿ ಲೆಕ್ಕ ಹಾಕುತ್ತದೆ. ವಾಸ್ತುವಿನ ಪಂಚಭೂತಗಳು ಪೃಥ್ವಿ, ಜಲ, ಅಗ್ನಿ, ವಾಯು, ಆಕಾಶ. ಚೀನಾದ ಐದು ಧಾತುಗಳಲ್ಲಿ ವಾಯು, ಆಕಾಶಗಳು ಇಲ್ಲ, ಆ ಜಾಗದಲ್ಲಿ ಮರ ಮತ್ತು ಲೋಹಗಳಿವೆ. ಎರಡರ ಲೆಕ್ಕವೂ ಬೇರೆಯಾದ್ದರಿಂದ ಇದರಿಂದ ಅರ್ಧ, ಅದರಿಂದ ಅರ್ಧ ತೆಗೆದು ಬೆರೆಸಿದರೆ ಸಿಗುವುದು ಗೊಂದಲ. ಎರಡೂ ಒಪ್ಪುವ ಕಡೆ ನಿಶ್ಚಿಂತೆಯಿಂದ ಅನುಸರಿಸಿ, ಜಗಳ ಬಂದ ಕಡೆ ನಮ್ಮ ಬಿಸಿಲು–ಗಾಳಿಯ ಮಾತು ಕೇಳಿ ಎಂಬುದು ನನ್ನ ನಿಲುವು.

ತಲೆಬಾಗಿಲು: ದಕ್ಷಿಣವೋ, ಪೂರ್ವ–ಉತ್ತರವೋ

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಬೀಜಿಂಗ್ ನಗರ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಯಾವ ದಿನದಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುವುದಿಲ್ಲ, ಯಾವಾಗಲೂ ದಕ್ಷಿಣದಲ್ಲೇ ಇರುತ್ತಾನೆ. ಬಳ್ಳಾರಿ, ಕೊಪ್ಪಳ, ರಾಯಚೂರುಗಳು 15ರಿಂದ 16 ಡಿಗ್ರಿಯ ಆಸುಪಾಸಿನಲ್ಲಿವೆ. ನಮ್ಮಲ್ಲಿ ಮೇ ಮೊದಲ ವಾರದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಉತ್ತರಕ್ಕೆ ಸರಿದು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಇಳಿಯುತ್ತಾನೆ. ಹಾಗಾಗಿ ಕಡುಬೇಸಿಗೆಯ ಮಧ್ಯಾಹ್ನ ನಮ್ಮ ದಕ್ಷಿಣದ ಗೋಡೆಯ ಮೇಲೆ ಬಿಸಿಲು ಬೀಳುವುದೇ ಕಡಿಮೆ. ಪೆಟ್ಟು ತಿನ್ನುವುದು ಮೊದಲು ಮಾಳಿಗೆ, ಆಮೇಲೆ ಪಡುವಣ ಗೋಡೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಸುಮಾರು 24 ಡಿಗ್ರಿ ಉತ್ತರಕ್ಕೆ ವಾಲಿಕೊಂಡು. ಆದ್ದರಿಂದ ವಾಯುವ್ಯದ ಕೋಣೆಯ ಕಿಟಕಿಗೂ ಸಂಜೆಯ ಬಿಸಿಲು ತಗಲುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಚಳಿಗೆ ಹುಟ್ಟಿದ ದಕ್ಷಿಣಮುಖದ ಸೂತ್ರವನ್ನು ಹಾಗೆಯೇ ತಂದು ಇಲ್ಲಿ ಶ್ರೇಷ್ಠವೆಂದು ಹೇಳುವುದಕ್ಕೆ ಕಾರಣವಿಲ್ಲ, ಏಕೆಂದರೆ ನಮಗೆ ಬಿಸಿಲನ್ನು ಒಳಗೆ ಕರೆಯುವ ಅಗತ್ಯವಿಲ್ಲ. ಹಾಗೆಯೇ, ದಕ್ಷಿಣದ ಸೈಟು ಎಂದ ಕೂಡಲೇ ಹಿಂದೆ ಸರಿಯುವ ನಮ್ಮವರ ಭಯಕ್ಕೂ ಬಿಸಿಲಿನ ಲೆಕ್ಕದಲ್ಲಿ ಆಧಾರವಿಲ್ಲ. ಚಳಿಗಾಲದಲ್ಲಿ ದಕ್ಷಿಣದಿಂದ ಬೀಳುವ ಬಿಸಿಲನ್ನು ಎರಡೂವರೆ ಅಡಿಯ ಸಜ್ಜಾ ಸಾಕಷ್ಟು ತಡೆಯುತ್ತದೆ, ಪಡುವಣದ ಇಳಿಬಿಸಿಲನ್ನು ಯಾವ ಸಜ್ಜಾವೂ ತಡೆಯಲಾರದು. ನನ್ನನ್ನು ಕೇಳಿದರೆ ಪೂರ್ವ ಮತ್ತು ಉತ್ತರ ಮೊದಲ ಆಯ್ಕೆ, ದಕ್ಷಿಣ ಮೂರನೆಯದು, ಪಶ್ಚಿಮ ಕೊನೆಯದು. ವಾಸ್ತುವಿನ ಒಲವೂ ಪೂರ್ವ–ಉತ್ತರದ ಕಡೆಗೇ ಇರುವುದರಿಂದ ಇಲ್ಲಿ ಫೆಂಗ್‌ಶುಯಿಯನ್ನು ಬಿಟ್ಟರೂ ಕಳೆದುಕೊಳ್ಳುವುದೇನಿಲ್ಲ. ಅಗ್ಗದಲ್ಲಿ ದಕ್ಷಿಣಮುಖದ ಒಳ್ಳೆಯ ಸೈಟು ಸಿಕ್ಕು ಮನೆಯ ಹಿರಿಯರು ಅನುಮಾನಿಸಿದರೆ ಮಾತ್ರ, ದಕ್ಷಿಣವನ್ನೇ ಶುಭವೆಂದು ಬಗೆದು ಸಾವಿರಾರು ವರ್ಷ ಬಾಳಿದ ಜನರೂ ಇದ್ದಾರೆ ಎಂದು ಅವರಿಗೆ ಸಮಾಧಾನ ಹೇಳಬಹುದು.

ಎದುರುಬದುರು ಬಾಗಿಲು

ತಲೆಬಾಗಿಲಿಗೆ ನೇರವಾಗಿ ಹಿತ್ತಲ ಬಾಗಿಲು ಇರಬಾರದು, ಇದ್ದರೆ ಒಳಗೆ ಬಂದ ‘ಚಿ’ ನಿಲ್ಲದೆ ಹೊರಟುಹೋಗುತ್ತದೆ ಎಂದು ಫೆಂಗ್‌ಶುಯಿ ಹೇಳುತ್ತದೆ. ಬೀಜಿಂಗಿನ ಹಳೆಯ ಅಂಗಳದ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಅಡ್ಡಗೋಡೆಯೊಂದು ಎದುರಾಗುವುದಕ್ಕೆ ಮರೆ ಬೇಕೆಂಬುದು ಒಂದು ಕಾರಣ, ಚಳಿಗಾಳಿ ನೇರ ನುಗ್ಗಬಾರದೆಂಬುದು ಇನ್ನೊಂದು.

ನಮ್ಮ ಮನೆಯಲ್ಲಿ ಎರಡೂ ಬಾಗಿಲು ಒಂದೇ ಗೆರೆಯಲ್ಲಿವೆ. ಸಲಹೆಗಾರರೊಬ್ಬರ ಮಾತು ಕೇಳಿ ಹಿತ್ತಲ ಬಾಗಿಲಿಗೆ ಅಡ್ಡವಾಗಿ ಎತ್ತರದ ಕಪಾಟು ಇರಿಸಿದೆವು. ಆ ವರ್ಷದ ಮೇ ತಿಂಗಳ ಒಂದು ಸಂಜೆ ಕರೆಂಟು ಹೋಗಿತ್ತು. ಪಡಸಾಲೆಯಲ್ಲಿ ಕೂತ ಅವ್ವನ ಸೆರಗು ಬೆವರಿಗೆ ಕುತ್ತಿಗೆಗೆ ಅಂಟಿಕೊಂಡಿತ್ತು. ಬೀಸಣಿಗೆ ಕೆಳಗಿಟ್ಟು, “ಆ ಕಪಾಟ ಅತ್ತಾಗ ಸರಸಪ್ಪ, ಗಾಳಿ ಆಡ್ಲಿ” ಎಂದಳು. ಇಬ್ಬರು ಸೇರಿ ಸರಿಸಿ ಬಾಗಿಲು ತೆಗೆದೆವು. ಮೊದಲು ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ಅಲುಗಿತು, ಆಮೇಲೆ ಮುಂಬಾಗಿಲ ಪರದೆ ಹೊಟ್ಟೆ ಉಬ್ಬಿಸಿಕೊಂಡು ಒಳಕ್ಕೆ ಬಂತು. ಮತ್ತೆ ಆ ಕಪಾಟನ್ನು ನಾವು ಅಲ್ಲಿ ಇಡಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುತ್ತದೆ. ಆ ಕಡೆ ಒಂದು ತೆರಪು, ಅದಕ್ಕೆದುರಾಗಿ ಪೂರ್ವ ಅಥವಾ ಈಶಾನ್ಯದಲ್ಲಿ ಇನ್ನೊಂದು ತೆರಪು ಇದ್ದರೆ ಮನೆ ಉಸಿರಾಡುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಮಾತ್ರ ಬಿಸಿಗಾಳಿ ಬಾರದಂತೆ ಎಲ್ಲವನ್ನೂ ಮುಚ್ಚಿ, ಹೊತ್ತು ಇಳಿದ ಮೇಲೆ ತೆರೆಯಬೇಕು. ಬೀದಿಯವರಿಗೆ ಮನೆಯೊಳಗೆಲ್ಲ ಕಾಣುತ್ತದೆ ಎಂಬ ಅಳುಕಿದ್ದರೆ ಗಾಳಿ ಹಾಯುವ ಮರದ ಜಾಲರಿ ಹಾಕಿಸಿ. ಮರೆ ಬೇಕೆಂಬ ಫೆಂಗ್‌ಶುಯಿಯ ಅಪೇಕ್ಷೆಯೂ ನೆರವೇರುತ್ತದೆ.

ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿಯ ಮಾಳಿಗೆ ಮನೆ ಇಲ್ಲಿ ನೆನಪಾಗುತ್ತದೆ. ಎರಡಡಿ ದಪ್ಪದ ಮಣ್ಣು–ಕಲ್ಲಿನ ಗೋಡೆ, ಪಡುವಣಕ್ಕೆ ಕಿಟಕಿಯೇ ಇಲ್ಲ, ಮೇಲೆ ಜಂತಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ. ಬೆಳಕಿಂಡಿಯಿಂದ ಇಳಿದ ತಟ್ಟೆಯಗಲದ ಬಿಸಿಲು ಬೆಳಿಗ್ಗೆ ಒಳಕಲ್ಲಿನ ಹತ್ತಿರ ಇದ್ದದ್ದು ಮಧ್ಯಾಹ್ನ ಕಂಬದ ಬುಡಕ್ಕೆ ಬರುತ್ತಿತ್ತು. ಅಜ್ಜಿ ಹೊತ್ತು ಹೇಳುತ್ತಿದ್ದುದು ಅದನ್ನು ನೋಡಿಯೇ. ಹಗಲೆಲ್ಲ ಗೋಡೆ ಹೀರಿದ ಕಾವು ಒಳಮೈಗೆ ತಲುಪುವಷ್ಟರಲ್ಲಿ ರಾತ್ರಿಯಾಗಿ, ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಇಂದಿನ ಆರಿಂಚಿನ ಬ್ಲಾಕಿನ ಗೋಡೆಗೆ ಆ ಗುಣವಿಲ್ಲ. ಕಾಂಕ್ರೀಟು ಮಾಳಿಗೆಗೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಬಿಳಿ ಸುಣ್ಣ ಬಳಿಸಿದರೆ ಆಗುವ ಉಪಕಾರವನ್ನು ಫೆಂಗ್‌ಶುಯಿಯ ಪರಿಹಾರವೆಂದು ತೂಗುಹಾಕುವ ಯಾವ ಹರಳು, ಯಾವ ಕನ್ನಡಿಯೂ ಮಾಡಲಾರದು.

ಎರಡೂ ಒಂದೇ ಮಾತನಾಡುವ ಕಡೆ

ನೇರ ಬಂದ ರಸ್ತೆ ಮನೆಯ ಬಾಗಿಲಿಗೇ ಬಂದು ನಿಲ್ಲುವುದನ್ನು ಫೆಂಗ್‌ಶುಯಿ ವಿಷಬಾಣ ಎನ್ನುತ್ತದೆ, ವಾಸ್ತು ವೀಥಿಶೂಲ ಎನ್ನುತ್ತದೆ, ಆಂಧ್ರದ ಗಡಿಗೆ ಅಂಟಿದ ನಮ್ಮ ಊರುಗಳಲ್ಲಿ ತೆಲುಗಿನ ‘ವೀಧಿಪೋಟು’ ಎಂಬ ಮಾತೇ ಹೆಚ್ಚು ಕೇಳುತ್ತದೆ. ಧೂಳು, ರಾತ್ರಿ ವಾಹನಗಳ ಕಣ್ಣುಕುಕ್ಕುವ ದೀಪ, ಬ್ರೇಕು ತಪ್ಪಿದ ಲಾರಿಯ ಭಯ ಎಲ್ಲವೂ ಅಂಥ ಸೈಟಿಗೆ ನಿಜವಾದವೇ. ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಮನೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಸೈಟು ಸಿಗುವಂತಿದ್ದರೆ ಬಿಟ್ಟುಬಿಡಿ. ಆಗಲೇ ಕೊಂಡಿದ್ದರೆ ಗಟ್ಟಿ ಕಾಂಪೌಂಡು ಕಟ್ಟಿ, ಗೇಟನ್ನು ಪಕ್ಕಕ್ಕೆ ಸರಿಸಿ, ಒಳಗೆ ದಟ್ಟವಾಗಿ ದಾಸವಾಳ ಬೆಳೆಸಿರಿ. ಬಾಗಿಲ ಮೇಲೆ ಎಂಟು ಮೂಲೆಯ ಬಾಗುವಾ ಕನ್ನಡಿ ತೂಗುಹಾಕಿದರೆ ಧೂಳು ನಿಲ್ಲುವುದಿಲ್ಲ.

ಅಡುಗೆಮನೆಯ ವಿಷಯದಲ್ಲಿ ನನಗೆ ವಾಸ್ತುವಿನ ಆಗ್ನೇಯವೇ ಸರಿ. ಬೆಳಗಿನ ಬಿಸಿಲು ಸಿಕ್ಕು ಮಧ್ಯಾಹ್ನದ ಹೊತ್ತಿಗೆ ನೆರಳಾಗುತ್ತದೆ, ಮಳೆಗಾಲದ ಗಾಳಿ ಹೊಗೆಯನ್ನೂ ಒಗ್ಗರಣೆಯ ಘಾಟನ್ನೂ ಮನೆಯೊಳಕ್ಕೆ ತಳ್ಳದೆ ಹೊರಕ್ಕೆ ಒಯ್ಯುತ್ತದೆ. ಒಲೆಗೆ ತೀರ ಹತ್ತಿರ ಅಥವಾ ಎದುರಿಗೆ ಸಿಂಕು ಬೇಡ, ಅಡುಗೆ ಮಾಡುವವರ ಬೆನ್ನು ಬಾಗಿಲಿಗೆ ಇರಬಾರದು ಎಂಬ ಫೆಂಗ್‌ಶುಯಿಯ ಎರಡು ಸೂಚನೆಗಳನ್ನು ಇದಕ್ಕೆ ಸೇರಿಸಿಕೊಳ್ಳಿ. ಬಿಸಿ ಎಣ್ಣೆಗೆ ನೀರು ಸಿಡಿಯುವುದು, ಮಗು ಓಡಿಬಂದು ಹಿಂದಿನಿಂದ ತಬ್ಬುವುದು ಎರಡೂ ಅಪಾಯ.

ಮಲಗುವ ಕೋಣೆಯಲ್ಲಿ ಮಾತ್ರ ವಾಸ್ತುವಿಗೂ ನಮ್ಮ ಬಿಸಿಲಿಗೂ ಜಗಳ. ಯಜಮಾನರ ಕೋಣೆ ನೈರುತ್ಯದಲ್ಲಿರಬೇಕೆಂದು ವಾಸ್ತು ಹೇಳುತ್ತದೆ, ಆದರೆ ಪಡುವಣ ಗೋಡೆ ಸಂಜೆಯವರೆಗೆ ಕುಡಿದ ಕಾವನ್ನು ರಾತ್ರಿ ಹತ್ತಕ್ಕೆ ಹೊರಗೆ ಬಿಡುವುದು ಆ ಕೋಣೆಯಲ್ಲೇ. ನೈರುತ್ಯವೇ ಬೇಕೆಂದರೆ ಪಡುವಣ ಗೋಡೆಗೆ ಹೊಂದಿಸಿ ಬಟ್ಟೆಯ ಕಪಾಟುಗಳನ್ನೋ ಬಚ್ಚಲನ್ನೋ ಮಾಡಿಸಿ, ಮಂಚದ ತಲೆಭಾಗವನ್ನು ದಕ್ಷಿಣದ ಗೋಡೆಗೆ ಆನಿಸಿ. ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಬಾಗಿಲ ನೇರಕ್ಕೆ ಮಂಚ ಇರಬಾರದು ಎಂಬ ಫೆಂಗ್‌ಶುಯಿಯ ಮಾತು ನನಗೆ ಬಹಳ ಹಿಡಿಸಿದೆ. ಬಾಡಿಗೆ ಮನೆಯಲ್ಲಿರುವವರು ಗೋಡೆ ಒಡೆಯದೆ, ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಬದಲಾವಣೆ ಅದು.

ಹಿತ್ತಲು: ನೀರು ಎಲ್ಲಿ, ಮರ ಎಲ್ಲಿ

ಫೆಂಗ್‌ಶುಯಿಗೆ ಕೊಳವಿಲ್ಲದ ತೋಟವೆಂದರೆ ಅರೆಬರೆ ತೋಟ. ತುಂಗಭದ್ರೆಯ ಕಾಲುವೆಯಲ್ಲಿ ನೀರು ಬಂದಾಗ ಹಸಿರಾಗಿ, ನಿಂತಾಗ ಬಿರುಕು ಬಿಡುವ ನಮ್ಮ ಸೀಮೆಯಲ್ಲಿ ತೆರೆದ ಕೊಳ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು. ಬೇಸಿಗೆಯಲ್ಲಿ ನೀರು ನೋಡನೋಡುತ್ತ ಆವಿಯಾಗುತ್ತದೆ. ಮಳೆಗಾಲದಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕೊಳ ಬೇಕೇ ಬೇಕೆನ್ನುವವರು ಗಪ್ಪಿ ಮೀನು ಬಿಡಬೇಕು. ಅದಕ್ಕಿಂತ ಒಂದು ಕಲ್ಲುಬಾನಿ ಇಟ್ಟು, ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಮೈ ತಿಕ್ಕಿ ತೊಳೆದು ಮತ್ತೆ ತುಂಬಿಸುವುದು ಒಳ್ಳೆಯದು. ಗುಬ್ಬಿಗಳೂ ಬರುತ್ತವೆ, ತೊಳೆದ ನೀರು ಗಿಡಕ್ಕೂ ಆಗುತ್ತದೆ.

ಅದನ್ನು ಎಲ್ಲಿಡಬೇಕು? ವಾಸ್ತು ಈಶಾನ್ಯ ಮತ್ತು ಉತ್ತರವನ್ನು ನೀರಿಗೆ ಕೊಡುತ್ತದೆ. ಫೆಂಗ್‌ಶುಯಿಯಲ್ಲಿ ಆಗ್ನೇಯ ಮರದ ದಿಕ್ಕು, ನೀರು ಮರವನ್ನು ಪೋಷಿಸುತ್ತದೆ ಎಂಬ ಲೆಕ್ಕದಿಂದ ಆ ಮೂಲೆಗೆ ನೀರು ಹೊಂದುತ್ತದಾದರೂ, ಜಲಧಾತುವಿನ ಸ್ವಂತ ದಿಕ್ಕು ಉತ್ತರವೇ. ಆಗಸ್ಟ್ ನಡುಭಾಗದಿಂದ ಏಪ್ರಿಲ್ ಕೊನೆಯವರೆಗೆ ಮಧ್ಯಾಹ್ನದ ಹೊತ್ತು ಮನೆಯ ನೆರಳು ಬೀಳುವುದೂ ಉತ್ತರಕ್ಕೇ. ಹೀಗೆ ಮೂರೂ ಲೆಕ್ಕಗಳು ಉತ್ತರದಲ್ಲಿ ಕೂಡುತ್ತವೆ. ಸಂಪು, ಕಲ್ಲುಬಾನಿ, ಕುಡಿಯುವ ನೀರಿನ ಹರವಿ ಇವುಗಳಿಗೆ ಉತ್ತರದ ಬದಿಯನ್ನು ಆರಿಸಿದರೆ ಒಲೆಯ ಮೂಲೆಯ ತಕರಾರು ತಾನಾಗಿ ತೀರುತ್ತದೆ. ನಮ್ಮ ಮನೆಯ ಗೊಂದಲವೂ ಹೀಗೆಯೇ ಬಗೆಹರಿಯಿತು.

ಮರಗಳ ವಿಷಯದಲ್ಲಿ ವಾಸ್ತು ನಮ್ಮ ಹವೆಗೆ ಹತ್ತಿರವಿದೆ. ದೊಡ್ಡ ಮರಗಳು ಪಶ್ಚಿಮ, ದಕ್ಷಿಣಕ್ಕೆ ಇರಲಿ, ಪೂರ್ವ–ಉತ್ತರ ಹಗುರವಾಗಿರಲಿ ಎಂದು ಅದು ಹೇಳುತ್ತದೆ. ಫೆಂಗ್‌ಶುಯಿ ಪೂರ್ವ ಮತ್ತು ಆಗ್ನೇಯವನ್ನು ಮರದ ದಿಕ್ಕು ಎನ್ನುತ್ತದೆ. ಅಲ್ಲಿ ಕರಿಬೇವು, ಮಲ್ಲಿಗೆಯಂಥ ಸಣ್ಣ ಗಿಡಗಳನ್ನು ಹಾಕಿದರೆ ಇಬ್ಬರ ಮಾತೂ ಉಳಿಯುತ್ತದೆ. ಪಡುವಣಕ್ಕೆ ಹೊಂಗೆಗಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ಬಿಸಿಲು ಏರುವ ಹೊತ್ತಿಗೆ ಹೊಸ ತಳಿರು ತೊಟ್ಟು ಕಡುಬೇಸಿಗೆಯಲ್ಲೇ ದಟ್ಟ ನೆರಳು ಹಾಸುತ್ತದೆ. ಬೇವೂ ಆದೀತು. ಬಿದಿರು ಫೆಂಗ್‌ಶುಯಿಗೆ ಪ್ರಿಯವಾದರೂ ನೀರಿನ ಕೊರತೆಯ ಹಿತ್ತಲಿಗೆ ಹೊರೆ. ಅಂಗಡಿಯಲ್ಲಿ ‘ಲಕ್ಕಿ ಬ್ಯಾಂಬೂ’ ಎಂದು ಗಾಜಿನ ಬಟ್ಟಲಲ್ಲಿ ಮಾರುವುದು ಬಿದಿರೇ ಅಲ್ಲ, ಮಧ್ಯ ಆಫ್ರಿಕದ ಡ್ರಸೀನಾ ಜಾತಿಯ ಗಿಡ. ಮನಿಪ್ಲಾಂಟ್ ಬೆಳೆಸಲು ಸುಲಭ, ನೋಡಲು ಚೆಂದ, ಆದರೆ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿ ತೂಗುಹಾಕಿ. ಬಾಗಿಲ ಬಳಿ ಮುಳ್ಳಿನ ಗಿಡ ಬೇಡವೆಂಬುದಕ್ಕೆ, ಒಣಗಿದ ಗಿಡವನ್ನು ಕುಂಡದಲ್ಲಿ ಉಳಿಸಿಕೊಳ್ಳಬಾರದು ಎಂಬುದಕ್ಕೆ ಎರಡೂ ಕಡೆಯವರ ಒಪ್ಪಿಗೆಯಿದೆ.

ಮರಕ್ಕೂ ಗೋಡೆಗೂ ಇರಬೇಕಾದ ದೂರ ಎರೆ ಭೂಮಿಯಲ್ಲಿ ಬಹಳ ಮುಖ್ಯ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ದೊಡ್ಡ ಮರದ ಬೇರು ತಳಪಾಯದ ಕೆಳಗಿನ ತೇವ ಹೀರಿದರೆ ಗೋಡೆ ಸೀಳುತ್ತದೆ. ಮರ ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರ ಬಿಡುವುದು ಕ್ಷೇಮ. ಮೂವತ್ತು–ನಲವತ್ತರ ಸೈಟಿನಲ್ಲಿ ಅದು ಸಾಧ್ಯವಿಲ್ಲವಾದ್ದರಿಂದ, ಎರೆ ನೆಲದವರು ಪಡುವಣಕ್ಕೆ ಹೊಂಗೆಯ ಬದಲು ಚಪ್ಪರ ಹಾಕಿ ಬಳ್ಳಿ ಹಬ್ಬಿಸಿರಿ. ಮಸಾರಿ ಅಥವಾ ಗರಸು ನೆಲದವರಿಗೆ ಈ ಆತಂಕ ಕಡಿಮೆ.

ಮಣ್ಣಿನ ಪರೀಕ್ಷೆಯ ಬಗೆಗೂ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ತುಂಬಿದಾಗ ಮಣ್ಣು ಉಳಿದರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ ಎಂದು ಬೃಹತ್ಸಂಹಿತೆ ಹೇಳುತ್ತದೆ. ಸಡಿಲ ನೆಲವನ್ನು ಪತ್ತೆಹಚ್ಚಲು ಇದು ಜಾಣ ಉಪಾಯ. ಆದರೆ ಬೇಸಿಗೆಯಲ್ಲಿ ಎರೆ ಭೂಮಿಯನ್ನು ಅಗೆದರೆ ಹೆಂಟೆ ಹೆಂಟೆಯಾಗಿ ಎದ್ದು, ತುಂಬಿದ ಮೇಲೂ ರಾಶಿ ಉಳಿಯುತ್ತದೆ. ಮನೆಗೆ ಎಲ್ಲಕ್ಕಿಂತ ಕಷ್ಟ ಕೊಡುವ ಮಣ್ಣೇ ಪರೀಕ್ಷೆಯಲ್ಲಿ ಉತ್ತಮವೆನಿಸಿಕೊಳ್ಳುತ್ತದೆ. ಫೆಂಗ್‌ಶುಯಿಯ ದಿಕ್ಸೂಚಿಗೂ ಇದು ಕಾಣಿಸುವುದಿಲ್ಲ. ಇಂಥ ನೆಲದಲ್ಲಿ ತೇವದ ಏರಿಳಿತ ಸುಮಾರು 3.5 ಮೀಟರಿನವರೆಗೂ ಇಳಿಯಬಹುದು, ಆದ್ದರಿಂದ ಎಂಜಿನಿಯರರಿಂದ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದರೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ರೂಪಿಸಿದ ಅಂಡರ್ ರೀಮ್ಡ್ ಪೈಲ್ (ಆಳಕ್ಕೆ ಇಳಿಸುವ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬಗಳ) ತಳಪಾಯ ಹಾಕಿಸಿ. ಹಣವನ್ನು ಮೊದಲು ಸುರಿಯಬೇಕಾದ್ದು ಅಲ್ಲಿ.

ಫೆಂಗ್‌ಶುಯಿಯೇ ಬೇಕೆಂದರೆ ಯಾವ ಪಂಥ

ನೆಲದ ಆಕಾರ ನೋಡುವ ಪಂಥ ಹಳೆಯದು. ಬೆಟ್ಟ ಎಲ್ಲಿದೆ, ನೀರು ಯಾವ ಕಡೆ ಹರಿಯುತ್ತದೆ, ಗಾಳಿ ಎಲ್ಲಿಂದ ನುಗ್ಗುತ್ತದೆ ಎಂದು ಅದು ಜಾಗವನ್ನು ಕಣ್ಣಾರೆ ನೋಡಿ ಹೇಳುತ್ತದೆ. ದಿಕ್ಸೂಚಿ ಪಂಥ ದಿಕ್ಕು ಮತ್ತು ಹುಟ್ಟಿದ ವರ್ಷಗಳ ಲೆಕ್ಕದ ಮೇಲೆ ನಿಂತಿದೆ. ಮೂರನೆಯದು ಲಿನ್ ಯುನ್ ಎಂಬವರು ಅಮೆರಿಕದಲ್ಲಿ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಬೆಳೆಸಿದ ಪಂಥ. ಅದು ದಿಕ್ಕನ್ನು ಗಣಿಸದೆ, ಬಾಗಿಲಲ್ಲಿ ನಿಂತಾಗ ಎಡಗಡೆಯ ದೂರದ ಮೂಲೆಯನ್ನು ಸಂಪತ್ತಿನ ಮೂಲೆ ಎನ್ನುತ್ತದೆ. ಒಂದು ಪುಸ್ತಕ ಆಗ್ನೇಯ ಎನ್ನುವುದು, ಇನ್ನೊಂದು ವೀಡಿಯೊ ಎಡಮೂಲೆ ಎನ್ನುವುದು ಈ ಕಾರಣಕ್ಕೆ. ನಾನು ಒಪ್ಪುವುದು ಮೊದಲನೆಯದನ್ನು, ಏಕೆಂದರೆ ಅದು ಬಳ್ಳಾರಿಗೆ ಬಂದರೆ ಬಳ್ಳಾರಿಯ ಗುಡ್ಡವನ್ನೂ ಬಳ್ಳಾರಿಯ ಗಾಳಿಯನ್ನೂ ನೋಡಿಯೇ ಮಾತನಾಡಬೇಕಾಗುತ್ತದೆ.

ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಗಾಳಿಗಂಟೆ ಮುಂತಾದವು ಇಷ್ಟವಾದರೆ ಇಟ್ಟುಕೊಳ್ಳುವ ವಸ್ತುಗಳು; ಮನೆಯ ಸುಖಕ್ಕೆ ಅವು ಬೇಕೇ ಬೇಕೆಂದಿಲ್ಲ. ಕನ್ನಡಿಯೊಂದರ ಬಗ್ಗೆ ಎಚ್ಚರವಿರಲಿ, ಪಡುವಣ ಕಿಟಕಿಗೆ ಎದುರಾಗಿ ತೂಗುಹಾಕಿದರೆ ಸಂಜೆಯ ಬಿಸಿಲನ್ನು ಇಡೀ ಕೋಣೆಗೆ ಹಂಚುತ್ತದೆ.

ಸೈಟು ಕೊಳ್ಳುವ ಮುಂಚೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ಅಲ್ಲಿ ಹೋಗಿ ಅರ್ಧ ತಾಸು ನಿಲ್ಲಿ. ಪಕ್ಕದ ಮನೆಯ ನೆರಳು ಎಲ್ಲಿಯವರೆಗೆ ಬರುತ್ತದೆ, ಧೂಳು ಯಾವ ಕಡೆಯಿಂದ ಏಳುತ್ತದೆ, ನೆಲ ಎಷ್ಟಗಲ ಬಿರುಕು ಬಿಟ್ಟಿದೆ ಎಂದು ಒಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಇನ್ನೊಮ್ಮೆ ಹೋಗಿ, ನೀರು ಎಲ್ಲಿ ನಿಂತಿದೆ ನೋಡಿ. ಆ ಕಾಗದವನ್ನು ಕೈಯಲ್ಲಿಟ್ಟುಕೊಂಡು ವಾಸ್ತುವಿನವರ ಬಳಿಗಾಗಲಿ ಫೆಂಗ್‌ಶುಯಿಯವರ ಬಳಿಗಾಗಲಿ ಹೋಗಿ, ನಕ್ಷೆಯ ಮಾತು ಅಲ್ಲಿಂದ ಶುರುವಾಗಲಿ.